ಕ್ಲೈವ್ ತಿರುಗಿಸಿದ ಸ್ಕ್ರೂ

ನಮ್ಮೂರು ಗಿಡ್ಜಿ ಫ್ಲಾಟ್‌ನಲ್ಲಿ ಯಾರ ಗಾಡಿ ಸ್ಟಾರ್ಟ್ ಆಗದಿದ್ದರೂ ಮೊದಲು ಬಾಯಿಗೆ ಬರುವ ಹೆಸರು ಕ್ಲೈವ್ ವಾರ್ಕೋನದು. ಗೋಧಿ ಕೊಯ್ಯುವ ಯಂತ್ರದ ದೀಪ, ಕುರಿ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ಮೋಟಾರು, ಚರ್ಚಿನ ಮೈಕು, ಕರೆಂಟು ಹರಿಯುವ ಯಾವುದು ಕೆಟ್ಟರೂ ಅವನೇ ಬರಬೇಕು. ಪೋಸ್ಟಾಫೀಸಿನ ಎದುರಿಗೇ ಅವನ ವರ್ಕ್‌ಶಾಪ್. ಕಿಟಕಿಯ ಹಿಂದೆ ಕೂತು ಸ್ಟಾಂಪು ಮಾರುವ ನಾನು ಇಪ್ಪತ್ತಾರು ವರ್ಷದಿಂದ ಅವನ ಬಗ್ಗಿದ ಬೆನ್ನನ್ನು ನೋಡುತ್ತ ಬಂದಿದ್ದೇನೆ. ಅವನು ಮದುವೆಯಾಗಲಿಲ್ಲ. ತಾಯಿಯನ್ನು ಕೊನೆಯವರೆಗೂ ನೋಡಿಕೊಂಡ. ಈಗ ಒಂದು ಕಿವುಡು ನಾಯಿಯಿದೆ. ಕುಡಿತ ಕಡಿಮೆ, ಮಾತು ಅದಕ್ಕಿಂತ ಕಡಿಮೆ.

"ಕ್ಲೈವ್ ನೋಡಿದ್ನಾ?" ಅಂತ ಕೇಳುತ್ತಾರೆ ಊರಲ್ಲಿ. ನೋಡಿದ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಆ ಒಂದು ಮಾತೇ ಅವನ ಆಸ್ತಿಯಾಗಿತ್ತು ಅಂತ ನನಗೆ ಬಹಳ ತಡವಾಗಿ ತಿಳಿಯಿತು.

ನಮ್ಮದೊಂದು ನಕ್ಷತ್ರ ನೋಡುವ ಸಂಘವಿದೆ. ಒಂಬತ್ತು ಜನ. ನಾನು ಕಾರ್ಯದರ್ಶಿ. ಚಂದ್ರನಿಲ್ಲದ ಶನಿವಾರ ಊರಾಚೆಯ ಹಳೇ ವಿಮಾನಪಟ್ಟಿಯಲ್ಲಿ ಸೇರುತ್ತೇವೆ. ಅಲ್ಲಿ ಒಂದು ದೀಪವೂ ಇಲ್ಲ, ಆಕಾಶ ನೆತ್ತಿಗೆ ತಾಗುವಷ್ಟು ಹತ್ತಿರ. ಕ್ಲೈವ್‌ಗೆ ನಕ್ಷತ್ರಗಳ ಹುಚ್ಚೇನೂ ಇರಲಿಲ್ಲ. ನಮ್ಮ ಬ್ಯಾಟರಿಗಳ ಗೋಳು ಕೇಳಲಾಗದೆ ಬಂದವನು.

ನಕ್ಷತ್ರದ ಚಿತ್ರ ತೆಗೆಯುವುದು ಮದುವೆಯ ಚಿತ್ರ ತೆಗೆದ ಹಾಗಲ್ಲ. ನಕ್ಷತ್ರದ ಜೊತೆಗೇ ನಿಧಾನವಾಗಿ ತಿರುಗುವ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಅದರ ಕಣ್ಣನ್ನು ಮೂರು ನಿಮಿಷ, ಐದು ನಿಮಿಷ ತೆರೆದೇ ಇಡಬೇಕು. ಮುಚ್ಚಬೇಕು, ಮತ್ತೆ ತೆರೆಯಬೇಕು. ಹೀಗೆ ನಲವತ್ತು ಐವತ್ತು ಸಲ. ಆಮೇಲೆ ಅಷ್ಟನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದರೆ ಬರಿಗಣ್ಣಿಗೆ ಕಾಣದ ಬಣ್ಣ ನಿಧಾನಕ್ಕೆ ಮೇಲೇಳುತ್ತದೆ. ಮಧ್ಯೆ ಬೆರಳು ತಾಗಿದರೂ ಚುಕ್ಕಿ ಗೆರೆಯಾಗುತ್ತದೆ. ಕ್ಯಾಮೆರಾದೊಳಗಿನ ಪುಟ್ಟ ಬ್ಯಾಟರಿ ನಮ್ಮ ಕಡೆ ಚಳಿಗಾಲ ಶುರುವಾಗುವ ಮೇ ತಿಂಗಳಲ್ಲಿ ಒಂದು ಗಂಟೆಯಲ್ಲಿ ಸತ್ತುಬೀಳುತ್ತದೆ. ಅದನ್ನು ಬದಲಾಯಿಸಲು ಮುಚ್ಚಳ ತೆಗೆದರೆ ಗುರಿ ಅಲುಗುತ್ತದೆ, ಆ ರಾತ್ರಿಯ ಕೆಲಸ ಅಲ್ಲಿಗೆ ಮುಗಿದಂತೆ.

"ಕೋಟಿ ಮೈಲಿ ಆಚೆಗಿಂದು ಲೆಕ್ಕ ಹಾಕ್ತೀರಿ, ಕೈಯಲ್ಲಿರೋ ಬ್ಯಾಟರಿ ಒಂದು ಗಂಟೆ ಬಾಳ್ಸೋಕೆ ಬರಲ್ಲ ನಿಮಗೆ," ಅಂದಿದ್ದ ಕ್ಲೈವ್ ಮೊದಲ ದಿನ.

ಒಂದು ವಾರದಲ್ಲಿ ಅವನು ಮರದ ಪೆಟ್ಟಿಗೆಗಳನ್ನು ಮಾಡಿ ತಂದ. ಒಂದು ಕಡೆಯಿಂದ ಕೆಂಪು ಕಪ್ಪು ಕ್ಲಿಪ್ಪು ಹೊರಟು ಕಾರಿನ ಬ್ಯಾಟರಿಗೆ ಕಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕಡೆಯ ವೈರಿನ ತುದಿಗೆ ಬ್ಯಾಟರಿಯ ಆಕಾರದ್ದೇ ಆದ ಡಮ್ಮಿ, ಒಳಗೆ ಏನೂ ಇಲ್ಲ. ಅದನ್ನು ಕ್ಯಾಮೆರಾದೊಳಗೆ ತೂರಿಸಿದರೆ ಸಾಕು. ಕಾರಿನ ಬ್ಯಾಟರಿಯದು ಹನ್ನೆರಡು ವೋಲ್ಟು, ಕ್ಯಾಮೆರಾಕ್ಕೆ ಬೇಕಾದದ್ದು ಏಳು ಪಾಯಿಂಟ್ ಎಂಟು. ನಡುವೆ ಪೆಟ್ಟಿಗೆಯೊಳಗಿನ ಪುಟ್ಟ ಸರ್ಕ್ಯೂಟ್ ಹಲಗೆಯೊಂದು ಅದನ್ನು ಇಳಿಸುತ್ತಿತ್ತು. ಎಷ್ಟು ಇಳಿಸಬೇಕೆಂದು ಹೇಳಲು ಅದರ ಮೇಲೆ ಸಾಸಿವೆ ಕಾಳಿನಷ್ಟು ಹಿತ್ತಾಳೆ ಸ್ಕ್ರೂ ಇತ್ತು. ಇದರ ಜೊತೆಗೆ ಕ್ಯಾಮೆರಾಕ್ಕೆ ಒಂದು ಟೈಮರನ್ನೂ ಜೋಡಿಸಿಕೊಟ್ಟ. ಎಷ್ಟು ನಿಮಿಷ, ಎಷ್ಟು ಸಲ ಅಂತ ಒತ್ತಿ, ನಾವು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಇರಬಹುದು. ಆ ಚಳಿಗಾಲದಲ್ಲಿ ನಾವೆಲ್ಲ ಕ್ಲೈವ್‌ನನ್ನು ಹೊತ್ತು ಮೆರೆಸಲಿಲ್ಲ ಅಷ್ಟೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಮಿಸೆಸ್ ಎನಿಡ್ ಹ್ಯಾಲೋರನ್. ಎಪ್ಪತ್ತೊಂಬತ್ತು ವರ್ಷ. ಊರಿನ ಅರ್ಧ ಜನ ಅವರ ಕೈಲಿ ಅಕ್ಷರ ಕಲಿತವರು, ಕ್ಲೈವ್ ಕೂಡ. ನಾವೆಲ್ಲ ಇವತ್ತಿಗೂ ಟೀಚರ್ ಅಂತಲೇ ಕರೆಯುವುದು. ತೀರಿಹೋದ ಗಂಡನ ಕ್ಯಾಮೆರಾ ಹಿಡಿದು ಬರುತ್ತಿದ್ದರು. ಮರುವರ್ಷ ಅವರ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತ ಬಂದಿತ್ತು. ನೇರ ನೋಡಿದರೆ ಮುಖ ಕಾಣದು, ಪಕ್ಕಕ್ಕೆ ತಿರುಗಿದರೆ ಅಂಚಿನಲ್ಲಿ ಕಾಣುತ್ತದೆ. ಇನ್ನೊಂದು ವರ್ಷ, ಹೆಚ್ಚೆಂದರೆ ಎರಡು ಅಂದಿದ್ದರು ಡಾಕ್ಟರು. ಅಷ್ಟರೊಳಗೆ ಒಂದೇ ಒಂದು ಚಿತ್ರ ತೆಗೆದುಬಿಡಬೇಕು ಅನ್ನುವುದು ಟೀಚರ ಹಟ. ಕರೀನಾ ಅನ್ನುವ ಕೆಂಪು ನೀಹಾರಿಕೆಯದು, ಒಟ್ಟು ಹತ್ತು ಗಂಟೆಯ ಬೆಳಕು ಹಿಡಿದು. ಏಪ್ರಿಲ್ ಮುಗಿಯುವ ಹೊತ್ತಿಗೆ ಆರು ಗಂಟೆಯದು ಕೂಡಿಟ್ಟಿದ್ದರು.

ಕತ್ತಲಲ್ಲಿ ಅವರಿಗೆ ಕೈಯಾಸರೆಯಾಗಿ ನಿಲ್ಲುತ್ತಿದ್ದವನು ಪೆನಿ ಟುವಾಲಾ. ಸಮೋವಾ ದ್ವೀಪದವನು, ಮೂವತ್ತನಾಲ್ಕರ ಆಳು, ಬಾಗಿಲಲ್ಲಿ ಬಗ್ಗಿಯೇ ಒಳಬರಬೇಕಾದಷ್ಟು ಎತ್ತರ. ಹೆಂಡತಿ ಲೂಸಿಯಾಗೆ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ, ಇವನಿಗೆ ಕಸಾಯಿಖಾನೆಯಲ್ಲಿ. ಊರಿಗೆ ಬಂದು ಎರಡು ವರ್ಷವಾಗಿತ್ತು, ಸಂಘಕ್ಕೆ ಸೇರಿ ಐದೇ ತಿಂಗಳು. ಹಿರಿಯರೆದುರು ದನಿ ಎತ್ತುತ್ತಿರಲಿಲ್ಲ.

"ಮಿಸ್ಟರ್ ವಾರ್ಕೋ, ಈ ಟೈಮರ್ ಒಂದ್ಸಲ ತೋರಿಸ್ತೀರಾ?"

"ಮಿಸ್ಟರ್ ನಮ್ಮಪ್ಪ, ಸತ್ತು ಹೋದ. ನಾನು ಕ್ಲೈವ್ ಕಣಯ್ಯಾ."

ಹಾಗೆ ಹೇಳಿಸಿಕೊಂಡು ಹೇಳಿಸಿಕೊಂಡು ಕೊನೆಗೂ ಅವನು ಕ್ಲೈವ್ ಅನ್ನತೊಡಗಿದ್ದ. ಅವರಿಬ್ಬರೂ ಒಂದೇ ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು.

ಮೇ ತಿಂಗಳ ಎರಡನೇ ಶನಿವಾರ ನಡೆದದ್ದು ಇಷ್ಟು. ಟೀಚರ ಪೆಟ್ಟಿಗೆಯ ವೈರೊಂದು ಸಡಿಲವಾಗಿತ್ತು. ಆ ವಾರ ಅದು ಕ್ಲೈವ್‌ನ ವರ್ಕ್‌ಶಾಪಿನಲ್ಲೇ ಇತ್ತು. ಸಂಜೆ ಅವನೇ ತಂದುಕೊಟ್ಟ. ಪೆನಿ ಎಂದಿನಂತೆ ಕ್ಯಾಮೆರಾ ಕೂರಿಸಿ, ಡಮ್ಮಿಯನ್ನು ಒಳಗೆ ತೂರಿಸಿ, ಕೆಂಪು ಟಾರ್ಚಿನ ಮಂದ ಬೆಳಕಲ್ಲಿ ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿದ. ಕ್ಯಾಮೆರಾದ ಹಿಂದಿನ ಪರದೆ ಒಮ್ಮೆ ಫಳಕ್ಕನೆ ಬೆಳಗಿತು. ಆರಿತು. ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ.

"ಏನಾಯ್ತು? ಏನದು ವಾಸನೆ?" ಟೀಚರು ಮುಖ ಪಕ್ಕಕ್ಕೆ ಮಾಡಿ ನೋಡಲು ಹೆಣಗುತ್ತಿದ್ದರು.

ಪೆನಿ ಗಾಬರಿಯಲ್ಲಿ ಕ್ಲಿಪ್ಪು ಕಿತ್ತುಬಿಟ್ಟ. ಯಾವುದು ಎಲ್ಲಿತ್ತು ಅಂತ ಹೇಳಲು ಇನ್ನು ಸಾಕ್ಷಿಯೇ ಇಲ್ಲ. ಬೇರೆ ಬ್ಯಾಟರಿ ಹಾಕಿ ನೋಡಿದೆವು, ಒತ್ತಿ ನೋಡಿದೆವು. ಕ್ಯಾಮೆರಾ ಕಲ್ಲಾಗಿತ್ತು.

"ಪೆಟ್ಟಿಗೆ ಕೊಡಿ ಇಲ್ಲಿ, ನೋಡ್ತೀನಿ," ಅಂದ ಕ್ಲೈವ್. ಅದನ್ನು ತೆಗೆದುಕೊಂಡು ತನ್ನ ಗಾಡಿಯ ಹಿಂದಕ್ಕೆ ಹೋದ.

ಅಲ್ಲಿ ನಡೆದದ್ದನ್ನು ಆಗ ನಾವು ಯಾರೂ ಕಾಣಲಿಲ್ಲ. ಅವನೇ ನನಗೆ ಮುಂದೆ ಹೇಳಿದ್ದು. ಗಾಡಿಯ ಬ್ಯಾಟರಿಗೆ ಪೆಟ್ಟಿಗೆ ಜೋಡಿಸಿ, ಡಮ್ಮಿಯ ಬಾಯಿಗೆ ಮೀಟರ್ ಇಟ್ಟ. ಹನ್ನೆರಡು ತೋರಿಸಿತು. ಏಳು ಪಾಯಿಂಟ್ ಎಂಟಲ್ಲ, ಹನ್ನೆರಡು. ಕೂಡಲೇ ನೆನಪಾಯಿತು. ಗುರುವಾರ ಮಧ್ಯಾಹ್ನ ಲೆನ್ಸಿಗೆ ಇಬ್ಬನಿ ಕೂರದಂತೆ ಸುತ್ತುವ ಹನ್ನೆರಡು ವೋಲ್ಟಿನ ಬಿಸಿಪಟ್ಟಿಯೊಂದನ್ನು ಪರೀಕ್ಷಿಸಲು ಕೈಗೆ ಸಿಕ್ಕ ಈ ಪೆಟ್ಟಿಗೆಯ ಸ್ಕ್ರೂವನ್ನೇ ಪೂರ್ತಿ ಮೇಲಕ್ಕೆ ತಿರುಗಿಸಿದ್ದ. ಅಷ್ಟರಲ್ಲಿ ಯಾರೋ ಟ್ರ್ಯಾಕ್ಟರು ತಂದರು. ಮತ್ತೆ ಇಳಿಸಲಿಲ್ಲ. ಕೊಡುವ ಮುಂಚೆ ಅಳೆಯಲೂ ಇಲ್ಲ.

ಅಲ್ಲಿಂದಲೇ ಎದ್ದು ಬಂದು ಹೇಳಬಹುದಿತ್ತು. ಜೇಬಿನಲ್ಲಿ ಪೆನ್ನಿನಂಥ ಸ್ಕ್ರೂಡ್ರೈವರ್ ಇತ್ತು. ಮೀಟರ್ ನೋಡುತ್ತ ನೋಡುತ್ತ ಅವನು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ಹನ್ನೊಂದು, ಹತ್ತು, ಒಂಬತ್ತು. ಏಳು ಪಾಯಿಂಟ್ ಎಂಟಕ್ಕೆ ತಂದು ನಿಲ್ಲಿಸಿದ.

"ಯೋಚನೆ ಮಾಡ್ಲಿಲ್ಲ ಗ್ವೆಂಡಾ. ಕೈ ತಾನಾಗೇ ಮಾಡ್ತು," ಅಂದ ನನ್ನ ಹತ್ತಿರ. ಆಮೇಲೆ ತಾನೇ ತಲೆ ಅಲ್ಲಾಡಿಸಿದ. "ಸುಳ್ಳು. ಯೋಚನೆ ಮಾಡೇ ಮಾಡ್ದೆ."

ನಮ್ಮ ಟಾರ್ಚಿನ ಬೆಳಕಿಗೆ ಬಂದು ಅವನು ನಮಗೆಲ್ಲ ಮೀಟರ್ ತೋರಿಸಿದ. "ಪೆಟ್ಟಿಗೆ ಸರಿಯಾಗಿದೆ."

ಗೋಧಿ ಗೋದಾಮಿನ ನಿವೃತ್ತ ಇನ್ಸ್‌ಪೆಕ್ಟರ್ ರೋಲಿ ಕೀನ್ ನಮ್ಮ ಸಂಘದ ಅಧ್ಯಕ್ಷ. ಅವನು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ಕ್ಲಿಪ್ಪು ಉಲ್ಟಾ ಬಿದ್ದಿದೆ. ಈ ಬೆಳಕಲ್ಲಿ ಆಗುತ್ತೆ."

"ನಾನು ಕೆಂಪು ಕೆಂಪಿಗೇ ಹಾಕಿದ್ದು ಅನ್ಸುತ್ತೆ," ಅಂದ ಪೆನಿ.

"ಅನ್ಸುತ್ತೆ!" ಟೀಚರ ದನಿ ಒಡೆಯಿತು. ಅವರು ಹಾಗೆ ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಅನ್ಸುತ್ತಂತೆ! ಇದು ನನ್ನ ಕೊನೇ ವರ್ಷ ಅಂತ ಗೊತ್ತಿಲ್ವಾ ನಿಂಗೆ? ಆ ಕೈ ಕುರಿ ಕಡಿಯೋಕೆ ಸರಿ, ಇದಕ್ಕಲ್ಲ!"

ಪೆನಿ ತನ್ನ ಕೈಗಳನ್ನು ನೋಡಿಕೊಂಡ. "ಕ್ಲೈವ್, ಉಲ್ಟಾ ಹಾಕಿದ್ರೆ ಹೀಗಾಗುತ್ತಾ?" ಅಂತ ಕೇಳಿದ. ಕೇಳುವಾಗ ನಂಬಿಕೆಯಿಂದಲೇ ಕೇಳಿದ.

"ಆಗಬಹುದು," ಅಂದ ಕ್ಲೈವ್.

"ನಂದೇ ತಪ್ಪು ಟೀಚರ್. ಕ್ಷಮಿಸಿ," ಅಂದ ಪೆನಿ.

ಮಾರನೆಯ ದಿನ ಅವನು ತನ್ನ ಸ್ವಂತ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಟೀಚರ ಮನೆಗೆ ಒಯ್ದ. ಅವರು ಬಾಗಿಲು ಅರ್ಧ ತೆರೆದು, ಬೇಡ ಅಂದು ಮುಚ್ಚಿದರು. ನಾನು ಸಭೆಯ ಪುಸ್ತಕದಲ್ಲಿ ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ: ಪಿ. ಟುವಾಲಾ ಅವರ ಕೈತಪ್ಪಿನಿಂದ ಮಿಸೆಸ್ ಹ್ಯಾಲೋರನ್ ಅವರ ಕ್ಯಾಮೆರಾ ಹಾಳಾಯಿತು. ಹಾಗೆ ಬರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಪೆನಿ ಮತ್ತೆ ವಿಮಾನಪಟ್ಟಿಗೆ ಬರಲಿಲ್ಲ. ಅವನನ್ನು ಹೋಗಿ ಕರೆದವರೂ ಇಲ್ಲ.

ಕ್ಲೈವ್ ತನ್ನ ಕ್ಯಾಮೆರಾವನ್ನೇ ಟೀಚರಿಗೆ ಕೊಟ್ಟ. ಅವರು ಮೊದಲು ಒಲ್ಲೆ ಅಂದು ಕೊನೆಗೆ ತೆಗೆದುಕೊಂಡರು. ಆದರೆ ಆಮೇಲಿನ ಶನಿವಾರಗಳೆಲ್ಲ ಮೋಡ, ಜೂನಿನಲ್ಲಿ ಅವರಿಗೆ ಕೆಮ್ಮು, ಕರೀನಾ ಸಂಜೆಗೇ ಇಳಿಯತೊಡಗಿತು. ಹತ್ತು ಗಂಟೆ ಹತ್ತಾಗಲಿಲ್ಲ. ಆದರೂ ಅವರು ಅಂಗಡಿಯಲ್ಲಿ, ಚರ್ಚಿನಲ್ಲಿ, ನನ್ನ ಕಿಟಕಿಯ ಮುಂದೆ ನಿಂತು ಕ್ಲೈವ್‌ನನ್ನು ಹೊಗಳಿದ್ದೇ ಹೊಗಳಿದ್ದು.

"ನಾಲ್ಕನೇ ಕ್ಲಾಸಲ್ಲಿದ್ದಾಗ್ಲೇ ಹೇಳಿದ್ದೆ, ಕ್ಲೈವ್ ವಾರ್ಕೋ ಅಪ್ಪಟ ಚಿನ್ನದಂಥ ಹುಡುಗ ಅಂತ. ತನ್ನದಲ್ಲದ ತಪ್ಪಿಗೆ ತನ್ನ ಕ್ಯಾಮೆರಾ ಕೊಟ್ಟ ನೋಡು."

ಒಂದು ಹಣ್ಣಿನ ಕೇಕು ಮಾಡಿ, ಕಣ್ಣು ಕಾಣದಿದ್ದರೂ ಕೈತಡವಿ ಸುತ್ತಿ ಕಟ್ಟಿ, ಅವನ ವರ್ಕ್‌ಶಾಪಿಗೇ ತಂದುಕೊಟ್ಟರು. ನಾನು ಎದುರಿನಿಂದ ನೋಡಿದೆ. ಟೋಪಿ ತೆಗೆದು ಎರಡೂ ಕೈಯಲ್ಲಿ ಇಸಿದುಕೊಂಡ. ಅವರು ತಿರುವಿನಲ್ಲಿ ಮರೆಯಾದ ಮೇಲೆ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದ. ತಿನ್ನಲು ಆಗಲಿಲ್ಲವಂತೆ. ಮೂರು ದಿನ ಬೆಂಚಿನ ಮೇಲಿತ್ತು. ನಾಲ್ಕನೇ ದಿನ ಎಣ್ಣೆ ಬಟ್ಟೆಗಳ ಜೊತೆ ಕಸಕ್ಕೆ ಹಾಕಿ, ಮೇಲೆ ಹಳೇ ಪತ್ರಿಕೆ ಮುಚ್ಚಿದ. ಹಾಗೆ ಮುಚ್ಚಿದ್ದಕ್ಕೆ ಮತ್ತಷ್ಟು ನಾಚಿಕೆಯಾಯಿತಂತೆ.

ಆ ದಿನಗಳಲ್ಲಿ ಅವನು ಒಂದು ಬಲ್ಬು ಬದಲಾಯಿಸಿದರೂ ಮೂರು ಮೂರು ಸಲ ಅಳೆಯುತ್ತಿದ್ದ. "ಕ್ಲೈವ್ ನೋಡಿದ್ನಲ್ಲ, ಸಾಕು ಬಿಡು," ಅಂತ ಗಿರಾಕಿಗಳು ಅಂದರೆ ಮುಖ ತಿರುಗಿಸುತ್ತಿದ್ದ. ಸಂಜೆ ಐದಕ್ಕೆ ಕಸಾಯಿಖಾನೆಯ ಪಾಳಿ ಬಿಡುವ ಹೊತ್ತಿಗೆ ವರ್ಕ್‌ಶಾಪಿನ ರೋಲಿಂಗ್ ಶಟರ್ ಎಳೆದುಬಿಡುತ್ತಿದ್ದ, ಪೆನಿ ಮುಂದೆ ಹಾದುಹೋಗುವುದು ಕಾಣಬಾರದು ಅಂತ. ವಯಸ್ಸಾಯಿತು, ಬೇಗ ಮುಚ್ಚುತ್ತಾನೆ ಅಂದುಕೊಂಡಿದ್ದೆ ನಾನು.

ಸೆಪ್ಟೆಂಬರಿನ ಒಂದು ಸಂಜೆ ಕಸಾಯಿಖಾನೆಯ ಹಿಂದಿನ ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತಿದೆ ಅಂತ ಕ್ಲೈವ್‌ಗೆ ಕರೆ ಬಂತು. ಕತ್ತಲಾಗಿತ್ತು. ಹೋಗುವಾಗ ಕುರಿಗಳನ್ನು ಕೂಡಿಹಾಕುವ ಬೇಲಿಯ ಆಚೆ ಒಂದು ಕೆಂಪು ಚುಕ್ಕಿ ಕಂಡಿತು. ಅದು ನಮ್ಮಂಥವರ ಟಾರ್ಚು, ಯಾರೆಂದು ಊಹಿಸಿದ. ನಿಲ್ಲದೆ ಹೋಗಬಹುದಿತ್ತು, ಆದರೆ ಕಾಲು ಬ್ರೇಕಿನ ಮೇಲೆ ಬಿತ್ತು.

ಪೆನಿ ಕುರಿ ಗೊಬ್ಬರದ ವಾಸನೆಯ ನಡುವೆ ಒಬ್ಬನೇ ಮಂಡಿಯೂರಿದ್ದ. ಮುಂದೆ ಅವನ ಕ್ಯಾಮೆರಾ. ಅಂಗಿಯೊಳಗೆ ಕೈ ಹಾಕಿ ಕಂಕುಳಿನಿಂದ ಬೆಚ್ಚಗಿನ ಪುಟ್ಟ ಬ್ಯಾಟರಿ ತೆಗೆದ. ಕ್ಯಾಮೆರಾ ಅಲುಗದಂತೆ ಉಸಿರು ಬಿಗಿಹಿಡಿದು ಮುಚ್ಚಳ ತೆರೆದು ತಣ್ಣಗಾದದ್ದನ್ನು ಹೊರಗೆಳೆದ, ಬೆಚ್ಚಗಿನದನ್ನು ತೂರಿಸಿದ. ಗುರಿ ತಪ್ಪಿತು. ಮತ್ತೆ ಮೊದಲಿನಿಂದ ನಕ್ಷತ್ರ ಹುಡುಕತೊಡಗಿದ.

"ಎಷ್ಟು ಹೊತ್ತಿಗೊಂದ್ಸಲ ಬದಲಾಯಿಸ್ತೀಯ?" ಅಂದ ಕ್ಲೈವ್.

ಪೆನಿ ಬೆಚ್ಚಿ ತಿರುಗಿದ. ಗುರುತಾದ ಮೇಲೆ ನಕ್ಕ. "ಓ, ಕ್ಲೈವ್! ಮುಕ್ಕಾಲು ಗಂಟೆಗೊಂದ್ಸಲ. ಕಂಕುಳಲ್ಲಿಟ್ರೆ ಸ್ವಲ್ಪ ಜಾಸ್ತಿ ಬಾಳುತ್ತೆ."

"ನಾಳೆ ಬಾ, ಒಂದು ಪೆಟ್ಟಿಗೆ ಮಾಡ್ಕೊಡ್ತೀನಿ."

"ಬೇಡ ಬೇಡ. ನನ್ನ ಕೈಗೆ ಅದು ಆಗಿಬರಲ್ಲ." ಪೆನಿ ಹಗುರವಾಗಿ ಹೇಳಲು ನೋಡಿದ. "ನಿಜ ಹೇಳ್ಲಾ? ಮಲ್ಕೊಂಡ್ರೆ ಆ ಎರಡು ಕ್ಲಿಪ್ಪು ಕಣ್ಮುಂದೆ ಬರುತ್ತೆ. ಕೆಂಪು ಕೆಂಪಿಗೇ ಹಾಕಿದ್ದು ಚೆನ್ನಾಗಿ ಕಾಣುತ್ತೆ ನನಗೆ. ಆದ್ರೆ ನೀವೇ ನೋಡಿ ಪೆಟ್ಟಿಗೆ ಸರಿ ಇದೆ ಅಂದ್ಮೇಲೆ, ನನ್ನ ಕಣ್ಣೇ ಸುಳ್ಳು ಹೇಳ್ತಿರಬೇಕು. ಕಸಾಯಿಖಾನೆಯಲ್ಲೂ ಈಗ ಮೆಷಿನ್ ಹತ್ರ ಹೋಗಲ್ಲ. ಬರೀ ಎತ್ತೋದು, ಹೊರೋದು."

"ಲಾರಿ ನೋಡ್ಬೇಕು," ಅಂದು ಕ್ಲೈವ್ ಗಾಡಿ ಹತ್ತಿದ. ಲಾರಿ ಸರಿಮಾಡಿದ. ವಾಪಸು ಬರುವಾಗ ಅದೇ ಬೇಲಿಯ ಹತ್ತಿರ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟಿಯರಿಂಗಿಗೆ ಹಣೆಯಿಟ್ಟು ಕೂತ. ಒಂದು ಗಂಟೆ ಕೂತಿದ್ದನಂತೆ. ಪೆನಿ ಸಾಮಾನು ಕಟ್ಟತೊಡಗಿದಾಗ ಇಳಿದು ಹೋಗಿ ಹೇಳಿದ. ಗುರುವಾರ ಮಧ್ಯಾಹ್ನದಿಂದ ಹಿಡಿದು ಗಾಡಿಯ ಹಿಂದಿನ ಸ್ಕ್ರೂವಿನವರೆಗೆ ಒಂದನ್ನೂ ಬಿಡದೆ.

ಪೆನಿ ಬ್ಯಾಟರಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತ ಕೇಳಿಸಿಕೊಂಡ. ಜಿಪ್ ಎಳೆದ.

"ಮೀಟರಲ್ಲಿ ಹನ್ನೆರಡು ಕಾಣಿಸ್ತು ನಿಮಗೆ."

"ಹೂಂ."

"ಆಮೇಲೆ ಬೆಳಕಿಗೆ ಬಂದು, ನನ್ನ ಮುಖ ನೋಡ್ಕೊಂಡು, ಸರಿ ಇದೆ ಅಂದ್ರಿ."

"ಹೂಂ."

"ಲೂಸಿಯಾ ಹೇಳಿದ್ಲು, ಆ ಜನ ಎದುರಿಗೆ ನಗ್ತಾರೆ, ಏನಾದ್ರೂ ಆದ್ರೆ ನಿನ್ನ ತಲೆಗೇ ಕಟ್ತಾರೆ ಅಂತ. ನಾನು ಅವಳಿಗೆ ಬೈದೆ. ಅಲ್ಲಿ ಕ್ಲೈವ್ ಇದ್ದಾರೆ, ಅವರು ಸುಳ್ಳು ಹೇಳೋರಲ್ಲ ಅಂದೆ. ಬೈದೆ ನಾನು ಅವಳಿಗೆ." ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು ಅನ್ನಿಸಿತಂತೆ ಕ್ಲೈವ್‌ಗೆ.

"ಏನು ಮಾಡ್ಲಿ ಹೇಳು. ನೀನು ಹೇಳಿದ್ದು ಮಾಡ್ತೀನಿ."

"ನನಗೊಬ್ಬನಿಗೆ ಹೇಳಿ ಹಗುರ ಆಗ್ಬೇಡಿ ಮಿಸ್ಟರ್ ವಾರ್ಕೋ. ಅವತ್ತು ನಾನು ಅಷ್ಟೂ ಜನರ ಮುಂದೆ ನಿಂತಿದ್ದೆ."

ಸಂಘದ ಸಭೆ ಮೂರನೇ ಗುರುವಾರ, ಮಹಿಳಾ ಮಂಡಳಿಯ ಸಭಾಂಗಣದಲ್ಲಿ. ಚಹಾದ ದೊಡ್ಡ ಪಾತ್ರೆ ಸುಯ್ಯೆನ್ನುತ್ತಿತ್ತು. ತಟ್ಟೆಯಲ್ಲಿ ಕೊಬ್ಬರಿ ಪುಡಿ ಹೊರಳಿಸಿದ ಲ್ಯಾಮಿಂಗ್ಟನ್ ಕೇಕುಗಳಿದ್ದವು. ಕ್ಲೈವ್ ಆ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತ. ಹೊಸ ಯಂತ್ರವೇನೋ ತೋರಿಸುತ್ತಾನೆ ಅಂದುಕೊಂಡೆವು.

"ಟೀಚರ ಕ್ಯಾಮೆರಾ ಸುಟ್ಟಿದ್ದು ಪೆನಿ ಅಲ್ಲ. ನಾನು," ಅಂದ.

ಆಮೇಲೆ ಎಲ್ಲವನ್ನೂ ಹೇಳಿದ. ಕಿವಿ ಕೆಂಪಾಗಿತ್ತು, ಕಣ್ಣು ಪೆಟ್ಟಿಗೆಯ ಮೇಲೇ ಇತ್ತು. ಸ್ಕ್ರೂ ತಿರುಗಿಸಿದ ಭಾಗಕ್ಕೆ ಬಂದಾಗ ಪೆಟ್ಟಿಗೆ ತೆರೆದು ಸ್ಕ್ರೂವನ್ನು ತೋರಿಸಿ, ಮತ್ತೆ ಅಲ್ಲಿಂದಲೇ ಶುರುಮಾಡಿ ಹೇಳಿ ಮುಗಿಸಿದ. ನಾನು ಸಭೆಯ ಪುಸ್ತಕ ತೆರೆದುಕೊಂಡು ಪೆನ್ನು ಹಿಡಿದು ಕೂತಿದ್ದೆ. ಮೇ ತಿಂಗಳ ಪುಟದಲ್ಲಿ ನಾನೇ ಬರೆದ ಸಾಲು ನೆನಪಾಯಿತು. ಯಾರನ್ನೂ ವಿಚಾರಿಸದೆ ಬರೆದಿದ್ದೆ. ಕ್ಲೈವ್ ನೋಡಿದ ಅಂದಮೇಲೆ ವಿಚಾರಿಸುವುದೇನು ಅಂತ. ಅದೇ ಕ್ಲಿಪ್ಪು ಹಾಕಿದ ಕೈ ರೋಲಿಯದಾಗಿದ್ದರೆ ಹಾಗೆ ಬರೆಯುತ್ತಿದ್ದೆನೇ? ಇಲ್ಲ. ಪೆಟ್ಟಿಗೆ ಇನ್ನೊಮ್ಮೆ ನೋಡೋಣ ಅನ್ನುತ್ತಿದ್ದೆ.

ರೋಲಿ ಕುರ್ಚಿಯಿಂದ ಅರ್ಧ ಎದ್ದ. "ಬಿಡು ಮಾರಾಯ. ಯಾರಿಗಾಗಲ್ಲ ಮರೆವು? ದೊಡ್ಡ ಮನಸ್ಸು ಮಾಡಿ ಹೇಳ್ದೆ, ಮುಗೀತು. ಚಹಾ ಕುಡಿಯೋಣ."

"ರೋಲಿ, ಕೂತ್ಕೊ," ಅಂದರು ಟೀಚರು.

ಅವರು ಮುಖವನ್ನು ಪಕ್ಕಕ್ಕೆ ತಿರುಗಿಸಿದರು, ಕ್ಲೈವ್‌ನನ್ನು ಕಣ್ಣಂಚಿನಲ್ಲಿ ಹಿಡಿಯಲು. "ಕ್ಯಾಮೆರಾ ಹೋಯ್ತು, ಹೋಗ್ಲಿ. ಸಾಮಾನು ಅದು. ಆದ್ರೆ ಆ ಮನುಷ್ಯನಿಗೆ ನಾನು ಆಡಬಾರದ ಮಾತು ಆಡಿದೆ. ಅವನ ಕೈ ಬಗ್ಗೆ, ಅವನು ಅನ್ನ ದುಡಿಯೋ ಕೆಲಸದ ಬಗ್ಗೆ. ಮಾರನೇ ದಿನ ಬಾಗಿಲಿಗೆ ಬಂದೋನ ಮುಖಕ್ಕೆ ಬಾಗಿಲು ಹಾಕಿದೆ. ನಾನು ಆ ಮಾತು ಆಡೋವಾಗ ನೀನು ಪಕ್ಕದಲ್ಲೇ ನಿಂತಿದ್ದೆ, ಅಲ್ವಾ?"

"ಹೌದು ಟೀಚರ್."

"ತಡೀಬಹುದಿತ್ತು."

"ಹೌದು."

"ಆಮೇಲೆ ನನ್ನ ಕೇಕು ತಗೊಂಡೆ."

ಕ್ಲೈವ್ ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ಅದನ್ನು ಕಸಕ್ಕೆ ಹಾಕಿದ್ದನ್ನೂ ಹೇಳಬೇಕಿತ್ತು. ಅದೊಂದನ್ನು ಅವನು ನನಗೆ ಮಾತ್ರ ಹೇಳಿದ್ದು.

ಟೀಚರು ಕೋಲು ಹಿಡಿದು ಎದ್ದರು. "ಗ್ವೆಂಡಾ, ಕಾರು ತೆಗಿ. ಅವನ ಮನೆ ಎಲ್ಲಿದೆ?"

"ಈಗ್ಲೇನಾ? ನಾಳೆ ಬೆಳಿಗ್ಗೆ..."

"ಈಗ್ಲೇ."

ಪೆನಿಯ ಮನೆ ರೈಲು ಹಳಿಯ ಆಚೆ. ಬಾಗಿಲು ತೆರೆದವಳು ಲೂಸಿಯಾ, ಸೊಂಟಕ್ಕೆ ಕೈಯಿಟ್ಟು ನಿಂತಳು. ಒಳಗೆ ಬನ್ನಿ ಅನ್ನಲಿಲ್ಲ. ನನಗೆ ಅವಳ ಮುಖ ನೋಡಲಾಗದೆ ಮೆಟ್ಟಿಲು ನೋಡುತ್ತ ನಿಂತೆ.

"ನಾನು ಎನಿಡ್ ಹ್ಯಾಲೋರನ್," ಅಂದರು ಟೀಚರು.

"ಗೊತ್ತು. ಕುರಿ ಕಡಿಯೋ ಕೈ ಅಂದೋರು."

"ಹೌದು. ನಾನೇ ಅಂದಿದ್ದು. ನಲವತ್ತು ವರ್ಷ ಮಕ್ಕಳಿಗೆ ಹಾಗೆ ಮಾತಾಡಬಾರದು ಅಂತ ಕಲಿಸಿದ ಬಾಯಿ ಇದು. ಕ್ಯಾಮೆರಾ ಅವನು ಕೆಡಿಸಿಲ್ಲ ಅಂತ ಇವತ್ತು ಗೊತ್ತಾಯ್ತು. ಅದಕ್ಕೆ ಬಂದೆ ಅಂತಲ್ಲ. ಅವನೇ ಕೆಡಿಸಿದ್ರೂ ಆ ಮಾತು ಆಡೋ ಹಾಗಿರಲಿಲ್ಲ. ಅದನ್ನ ಹೇಳೋಕೆ ಬಂದೆ."

ಪೆನಿ ಒಳಗಿನಿಂದ ಬಂದ. ಟೀಚರು ಅವನ ಎತ್ತರದ ನೆರಳಿನ ಕಡೆ ಮುಖ ತಿರುಗಿಸಿದರು. ಅವನು ಏನೂ ಹೇಳದೆ ಮೆಟ್ಟಿಲಿಳಿದು ಬಂದು ಅವರ ಮೊಣಕೈ ಹಿಡಿದ. "ಇಲ್ಲಿ ಒಂದು ಮೆಟ್ಟಿಲು ಮುರಿದಿದೆ, ನೋಡ್ಕೊಂಡು," ಅಂದ. ಲೂಸಿಯಾ ನಮಗೆ ಕೋಕೋ ಕಾಯಿಸಿ ಕೊಟ್ಟಳು, ಆದರೆ ತಾನು ಕೂರಲಿಲ್ಲ. ನಾನು ಸಭೆಯ ಪುಸ್ತಕದ ವಿಷಯ ಹೇಳಿ ಕ್ಷಮೆ ಕೇಳಿದೆ. "ಪುಸ್ತಕದಲ್ಲಿ ಬೇರೆ ಬರ್ದಿದ್ರಾ?" ಅಂದಳು ಅವಳು. ಅಷ್ಟೇ. ಮನೆಗೆ ಬಂದು ಆ ಸಾಲು ಹೊಡೆದು, ಕೆಳಗೆ ನಡೆದದ್ದನ್ನು ಬರೆದು ಸಹಿ ಹಾಕಿದೆ. ಹೊಡೆದ ಸಾಲು ಈಗಲೂ ಓದಲು ಬರುತ್ತದೆ.

ಪೆನಿ ಫೆಬ್ರವರಿಯಲ್ಲಿ ಮತ್ತೆ ವಿಮಾನಪಟ್ಟಿಗೆ ಬಂದ. ನಮಗಾಗಿ ಅಲ್ಲ. ಕರೀನಾ ಮತ್ತೆ ಮೇಲೇರತೊಡಗಿತ್ತು, ಟೀಚರ ಚಿತ್ರಕ್ಕೆ ಇನ್ನೂ ನಾಲ್ಕು ಗಂಟೆಯ ಬೆಳಕು ಬೇಕಿತ್ತು. ಅದಕ್ಕೂ ಮುಂಚೆ ಒಂದು ಶನಿವಾರ ಅವನು ಕ್ಲೈವ್‌ನ ವರ್ಕ್‌ಶಾಪಿನೊಳಗೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಕೈಯಲ್ಲಿ ಖಾಲಿ ಮರದ ಪೆಟ್ಟಿಗೆ.

"ಪೆಟ್ಟಿಗೆ ನಾನೇ ಮಾಡ್ಬೇಕು. ನೀವು ಹೇಳಿಕೊಡಿ, ಮುಟ್ಟಬೇಡಿ," ಅಂದನಂತೆ.

ಕ್ಲೈವ್ ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತ. ಪೆನಿ ವೈರು ಸುಲಿದ, ಬೆಸೆದ, ಒಂದು ಸಲ ಬೆರಳು ಸುಟ್ಟುಕೊಂಡ. ಕ್ಲೈವ್‌ನ ಕೈ ಜೇಬಿನಿಂದ ಅರ್ಧ ಹೊರಬಂದು ಮತ್ತೆ ಒಳಗೆ ಹೋಯಿತು. ವೋಲ್ಟು ಇಳಿಸುವಾಗ ಪೆನಿ ಪ್ರತಿ ಅಂಕಿಯನ್ನೂ ಜೋರಾಗಿ ಓದಿದ. ಮುಗಿದ ಮೇಲೆ ಥ್ಯಾಂಕ್ಸ್ ಮಿಸ್ಟರ್ ವಾರ್ಕೋ ಅಂದು ಹೊರಟ. ಹಳೆಯ ಹಾಗೆ ಕ್ಲೈವ್ ಅಂತ ಕರೆದದ್ದನ್ನು ನಾನು ಆಮೇಲೆ ಕೇಳಿಲ್ಲ. ತಿದ್ದುವ ಧೈರ್ಯ ಕ್ಲೈವ್‌ಗೂ ಬಂದಿಲ್ಲ.

ಚಿತ್ರ ಮಾರ್ಚ್ ಕೊನೆಗೆ ಮುಗಿಯಿತು. ಬಾಗಿಲಿನಷ್ಟು ದೊಡ್ಡದು ಮಾಡಿಸಿ ಟೀಚರ ಮನೆಯ ಗೋಡೆಗೆ ಪೆನಿಯೇ ಮೊಳೆ ಹೊಡೆದು ತೂಗುಹಾಕಿದ. ಅವರು ಅದಕ್ಕೆ ಅಡ್ಡಲಾಗಿ ಕುರ್ಚಿ ಹಾಕಿಸಿಕೊಂಡು, ಕಿಟಕಿಯ ಕಡೆ ಮುಖ ಮಾಡಿ, ಕಣ್ಣಂಚಿನಿಂದ ಆ ಕೆಂಪನ್ನು ನೋಡುತ್ತಾರೆ. ಸಂಘದವರೆಲ್ಲ ಹೋಗಿ ನೋಡಿ ಬಂದೆವು. ಕ್ಲೈವ್‌ನನ್ನೂ ಕರೆದಿದ್ದರು, ಅವನು ಹೋಗಲಿಲ್ಲ.

ಈಗ ಪ್ರತಿ ತಿಂಗಳು ಟೀಚರ ಕಣ್ಣಿಗೆ ಸೂಜಿ ಹಾಕಿಸಬೇಕು. ಕಣ್ಣಿನ ಡಾಕ್ಟರು ಇರುವ ಊರು ಎರಡು ಗಂಟೆಯ ದಾರಿ. ಕರೆದುಕೊಂಡು ಹೋಗುವುದು ಕ್ಲೈವ್. ತಾನಾಗಿ ಕೇಳಿಕೊಂಡ, ಅವರು ಆಗಲಿ ಅಂದರು. ದಾರಿಯುದ್ದಕ್ಕೂ ಹೆಚ್ಚು ಮಾತಿಲ್ಲವಂತೆ. ಒಮ್ಮೆ ನಾನು ಕೇಳಿದೆ, ಟೀಚರು ಕ್ಷಮಿಸಿದರಾ ಅಂತ.

"ಕೇಳಿಲ್ಲ," ಅಂದ. "ಕೇಳಿದ್ರೆ ಅವರು ಒಂದು ಉತ್ತರ ಕೊಡಬೇಕಾಗುತ್ತೆ. ಆ ಕಷ್ಟ ಯಾಕೆ ಕೊಡ್ಲಿ?"

ಹೋದ ವಾರ ವಾಪಸು ಬರುವಾಗ ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರಂತೆ. ಗಾಳಿ ಜೋರಾಗಿತ್ತು. "ಕಿಟಕಿ ಹಾಕು, ತಣ್ಣಗಿದೆ," ಅಂದರು. ಹಾಕಿದ. ಸ್ವಲ್ಪ ಹೊತ್ತಾದ ಮೇಲೆ, ಮುಂದಿನ ತಿಂಗಳು ಹನ್ನೊಂದು ಗಂಟೆಗಲ್ಲ, ಒಂಬತ್ತಕ್ಕೇ ಹೊರಡಬೇಕು ಅಂದರು.